ಅಣಬೆಯ ಬುಡ

ಹೊಳೆದಂಡೆಯ ಮಠದಲ್ಲಿ ಹಾಲಯ್ಯಜ್ಜ ಔಷಧಿಯ ಅಣಬೆ ಬೆಳೆಸುತ್ತಿದ್ದರು. ಒಣಗಿಸಿ ಕುಟ್ಟಿದ ಅದರ ಪುಡಿಯಲ್ಲಿ ಸೊರಗಿದ ಮೈಗೆ ಕಸುವು ತುಂಬುವ ಸತ್ವವಿದೆ ಅಂತ ಸುತ್ತಿನ ಜನ ನಂಬಿದ್ದರು.

ಅಜ್ಜನದು ಒಂದೇ ಕಟ್ಟಳೆ. ಅಣಬೆಗೆ ಕುಡುಗೋಲು ಹಚ್ಚಬಾರದು. ಒಂದೊಂದನ್ನೂ ಬುಡಸಮೇತ ಕೀಳಬೇಕು, ತಿರುಗಿಸಿ ಬುಡ ನೋಡಬೇಕು, ಆಮೇಲೆ ಬುಟ್ಟಿಗೆ.

ಹನ್ನೆರಡು ವರ್ಷ ಹೀಗೆ ಕಿತ್ತ ಶಿಷ್ಯ ಕೊಟ್ರಯ್ಯನಿಗೆ ಬೇಸರ ಬಂದಿತ್ತು.

“ಅಜ್ಜಾರ, ಈ ಕೈ ಪಳಗೇತಿ. ಕಣ್ಣು ಮುಚ್ಚಿದ್ರೂ ತಪ್ಪಂಗಿಲ್ಲ,” ಅಂದಿದ್ದ.

ಅಜ್ಜ ನಕ್ಕು ಬುಟ್ಟಿಯನ್ನು ಅವನತ್ತ ಸರಿಸಿದ್ದರು.

ಆ ಸಲದ ಬೆಳೆಯನ್ನು ಕೊಟ್ರಯ್ಯ ಕುಡುಗೋಲಿನಿಂದ ಸರಸರ ಕೊಯ್ದ. ಒಣಗಿಸಿದ, ಕುಟ್ಟಿದ. ಹೊಳೆಯಾಚೆಯ ಹುಲಿಗೆವ್ವ ತನ್ನ ಬಾಣಂತಿ ಮಗಳಿಗೆಂದು ಕೇಳಿಕೊಂಡು ಬಂದಾಗ ಪೊಟ್ಟಣ ಕಟ್ಟಿ ಕಳಿಸಿದ.

ಆಮೇಲೆ ಅಣಬೆ ಬೆಳೆಯುವ ಮಡಿಗೆ ನೀರು ಚಿಮುಕಿಸಲು ಹೋದ. ಅಂಚಿನ ಮಣ್ಣಿನಲ್ಲಿ, ಅವನೇ ಕೊಯ್ದು ಬಿಟ್ಟ ಒಂದು ಬಾಡಿದ ಮೋಟು. ಅದರ ಬುಡಕ್ಕೆ ಚೀಲದಂಥ ಬಿಳಿ ಪೊರೆ.

ಅಯ್ಯೋ ಶಿವನೇ! ಮಠದ ಅಣಬೆಗೆ ಚೀಲವೆಲ್ಲಿಯದು? ಅದು ಕಾಡಿನ ವಿಷದ ಅಣಬೆ. ಅಂಥದ್ದನ್ನೇ ಸಾರು ಮಾಡಿ ಉಂಡ ಕುರಿಗಾಹಿ ಮೂರನೇ ದಿನಕ್ಕೆ ಸತ್ತಿದ್ದ. ಹೆಗಲು ಕೊಟ್ಟವರಲ್ಲಿ ಕೊಟ್ರಯ್ಯನೂ ಒಬ್ಬ.

ಬಿದ್ದೆನೋ ಎದ್ದೆನೋ ಅಂತ ಹೊಳೆಗೆ ಓಡಿದ. ಹರಿಗೋಲು ಆಗಲೇ ನಡುಹೊಳೆಯಲ್ಲಿತ್ತು.

“ಯವ್ವಾ! ಹುಲಿಗೆವ್ವಾ! ತಿರುಗಿ ಬಾ!”

ಗಾಳಿಗೆ ದನಿ ದಾಟಲಿಲ್ಲ. ದಂಡೆಯಲ್ಲಿ ಬಟ್ಟೆ ಹಿಂಡುತ್ತಿದ್ದ ಅಜ್ಜ ಎದ್ದು ಒದ್ದೆ ಕಾವಿಯನ್ನೇ ಬೀಸಿದರು. ಹರಿಗೋಲು ಗರ್ರನೆ ಒಂದು ಸುತ್ತು ತಿರುಗಿತು. ಆಚೆಗೋ ಈಚೆಗೋ ತಿಳಿಯದೆ ಕೊಟ್ರಯ್ಯ ಉಸಿರು ಹಿಡಿದು ನಿಂತ. ಕೊನೆಗೆ ಅದು ಈಚೆಗೆ ಬಂತು.

“ಏನ್ ಮರತ್ರಿ ಅಯ್ಯಾರ?” ಅಂದಳು ಹುಲಿಗೆವ್ವ. ಪೊಟ್ಟಣ ಇನ್ನೂ ಸೆರಗಿನ ಗಂಟಿನಲ್ಲೇ ಇತ್ತು.

ಕೊಟ್ರಯ್ಯ ತೊದಲುತ್ತ ಎಲ್ಲ ಹೇಳಿದ. ಅಜ್ಜ ಪೊಟ್ಟಣ ಬಿಚ್ಚಿ ಅವನ ಮುಂದೆ ಹಿಡಿದರು.

“ಇದರಾಗ ನಮ್ಮದು ಯಾವುದು, ಕಾಡಿಂದು ಯಾವುದು? ಬ್ಯಾರೆ ಮಾಡು.”

“ಎಲ್ಲಾ ಒಂದಾಗೇತ್ರಿ.”

“ಹಂಗಾದ್ರ ಒಂದು ಚಿಟಿಕಿ ಬಾಯಾಗ ಹಾಕ್ಕೊ.”

ಕೊಟ್ರಯ್ಯ ಚಿಟಿಕೆ ಎತ್ತಿದ. ಕೈ ಗಡಗಡ ನಡುಗಿತು, ಬಾಯಿಯ ತನಕ ಏರಲೇ ಇಲ್ಲ.

“ಅಂಜಿಕಿ ಆಗ್ತೇತ್ರಿ ಅಜ್ಜಾರ!” ಅಂತ ಅತ್ತುಬಿಟ್ಟ.

ಅಜ್ಜ ಅವನ ಬೆರಳನ್ನು ತಮ್ಮ ಪಂಚೆಯಿಂದ ಒರೆಸಿದರು. ಆ ಸಲದ ಪುಡಿಯನ್ನೆಲ್ಲ ತರಿಸಿ, ಆಳವಾದ ಗುಂಡಿ ತೋಡಿ ಮುಚ್ಚಿದರು.

“ನನ್ನ ಮಗಳ ಗತಿ ಏನ್ರೀ?” ಅಂದಳು ಹುಲಿಗೆವ್ವ.

“ನನ್ನ ಕೇಳಬ್ಯಾಡವ್ವಾ. ಇನ್ನ ಈ ಕೈಲೆ ಅಣಬಿ ಮುಟ್ಟಂಗಿಲ್ಲ,” ಅಂದ ಕೊಟ್ರಯ್ಯ.

ಅಜ್ಜ ಖಾಲಿ ಬುಟ್ಟಿಯನ್ನು ಅವನ ಕೈಗೇ ಇತ್ತರು.

“ಹೊಸಾ ಮಡಿಯಾಗ ಅಣಬಿ ಎದ್ದಾವ. ಈ ನಡುಕ ಇಳಿಯೋದ್ರೊಳಗ ಹೋಗಿ ಕಿತ್ತು ತಾ.”