ತೊಳೆದು ತಂದ ಮೀನು

ಶಿಷ್ಯ ಕೇಳಿದ: "ಗುರುಗಳೇ, ಕೋಪ ಬಿಟ್ಟೆ, ನಾಲಿಗೆಯ ಚಪಲ ಬಿಟ್ಟೆ. ಇವತ್ತು ಬೆಳಿಗ್ಗೆ ಹೊಳೆ ದಾಟಿ ನನ್ನನ್ನು ನೋಡಲು ಬಂದ ತಾಯಿಯನ್ನೂ ಬಾಗಿಲಿನಿಂದಲೇ ಕಳಿಸಿಬಿಟ್ಟೆ. ಆದರೂ ಓದಿದ್ದು ಒಂದೂ ಮೈಗೆ ಹತ್ತುತ್ತಿಲ್ಲ. ಇನ್ನೇನು ಬಿಡಬೇಕು?"

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಮೀನು ಸಾಕುವವನಿದ್ದ. ಮೀನಿನ ಹೊಂಡವೇ ಅವನ ಮನೆಯ ಅನ್ನ. ಒಂದು ವರ್ಷ ರೋಗ ಬಂದು ಮೀನುಗಳು ಸತ್ತು ತೇಲತೊಡಗಿದವು. ಅವನು ತೌಡು ಹಿಂಡಿಯಲ್ಲಿ ಔಷಧಿ ಬೆರೆಸಿ ಹಾಕಿದ. ರೋಗ ನಿಂತಿತು. ಅಲ್ಲಿಗೆ ಬಿಟ್ಟಿದ್ದರೆ ನನಗೆ ಹೇಳಲು ಕತೆಯೇ ಇರುತ್ತಿರಲಿಲ್ಲ. ಆದರೆ ಹೆದರಿದವನಿಗೆ ಸಾಕು ಎನ್ನುವುದು ತಿಳಿಯುವುದಿಲ್ಲ. ರೋಗ ಹೋದ ಮೇಲೂ ದಿನಾ ಔಷಧಿ ಹಾಕಿದ, ಇಲಿಗೆ ಹೆದರಿ ಮನೆ ಸುಟ್ಟ ಹಾಗೆ.

ಮೀನುಗಳು ಸಾಯಲಿಲ್ಲ, ಬೆಳೆಯಲೂ ಇಲ್ಲ. ಹಾಕಿದ್ದನ್ನೆಲ್ಲ ತಿನ್ನುತ್ತಿದ್ದವು. ತಲೆ ಮಾತ್ರ ದೊಡ್ಡದಾಗಿ ಮೈ ಬಡಕಲಾಯಿತು. ಮೇವು ಹೆಚ್ಚಿಸಿ ನೋಡಿದ, ಪ್ರಯೋಜನವಾಗಲಿಲ್ಲ. ಹೊಂಡ ಮುಚ್ಚಿ ಕೂಲಿಗೆ ಹೋಗೋಣವೆಂದಾಗ ಹೆಂಡತಿ ಅತ್ತಳು.

ಕೊನೆಗೆ ಮೀನಿನ ಶಾಸ್ತ್ರ ಓದಿದ ವಿದ್ವಾಂಸನೊಬ್ಬನ ಬಳಿ ಹೋದ. ವಿದ್ವಾಂಸ, ಊರ ಕೆರೆಯಿಂದ ಗಟ್ಟಿಮುಟ್ಟಾದ ಒಂದು ಮೀನು ಹಿಡಿದು ತಾ ಎಂದ. ಇವನು ಹಿಡಿದ. ದೊಡ್ಡವರ ಮನೆಗೆ ಹೇಗೆಂದರೆ ಹಾಗೆ ಕೊಡುವುದೇ ಎಂದು ದಡದಲ್ಲೇ ಹೊಟ್ಟೆ ಸೀಳಿ, ಕರುಳನ್ನು ಹದ್ದುಗಳಿಗೆ ಎಸೆದು, ನಾಲ್ಕು ನೀರಿನಲ್ಲಿ ತೊಳೆದು ತಂದ.

"ಕರುಳೆಲ್ಲಿ?" ವಿದ್ವಾಂಸ ಕೇಳಿದ.

"ಹೊಲಸಲ್ಲವೇ ಸ್ವಾಮಿ, ಎಸೆದುಬಿಟ್ಟೆ."

"ನನಗೆ ಬೇಕಾದದ್ದು ಅದೇ ಕಣಯ್ಯ. ತಿಂದದ್ದನ್ನು ಅರಗಿಸುವ, ರೋಗವನ್ನು ತಡೆಯುವ ಜೀವಿಗಳು ಕಣ್ಣಿಗೆ ಕಾಣದೆ ಅಲ್ಲೇ ಇರುತ್ತವೆ. ನಿನ್ನ ಹೊಂಡದ ಮೀನುಗಳಲ್ಲಿ ಔಷಧಿ ರೋಗದ ಜೊತೆ ಅವನ್ನೂ ಕೊಂದಿತು."

ಅವನು ಮತ್ತೆ ಕೆರೆಗೆ ಹೋಗಿ ಇಡೀ ಮೀನು ತಂದ. ವಿದ್ವಾಂಸ ಅದರ ಕರುಳಿನಿಂದ ಆ ಜೀವಿಗಳನ್ನು ತೆಗೆದು, ಒಳ್ಳೆಯವನ್ನು ಆರಿಸಿ, ಹಾಲಿಗೆ ಹೆಪ್ಪು ಹಾಕಿ ಮೊಸರು ಮಾಡುವ ಹಾಗೆ ಬೆಳೆಸಿ, ಮೇವಿಗೆ ಬೆರೆಸಲು ಕೊಟ್ಟ. ದಿನವೂ ಹಾಕುತ್ತಿದ್ದ ಔಷಧಿಯನ್ನು ಬಿಡಿಸಿದ. ತೀರಾ ಸೊರಗಿದ್ದ ಕೆಲವು ಮೀನು ಉಳಿಯಲಿಲ್ಲ. ಉಳಿದವು ನಿಧಾನವಾಗಿ ಮೈತುಂಬಿಕೊಂಡವು. ಹೊಂಡ ಮುಚ್ಚುವ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ.

ಕತೆ ಮುಗಿಯಿತು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. ಹಾಗಾದರೆ ತಾನು ಯಾವುದನ್ನು ಬಿಡಬಾರದಿತ್ತು ಎಂದು ಕೇಳಿದ.

ಗುರುಗಳು ಬಾಗಿಲ ಕಡೆ ನೋಡಿ ಹೇಳಿದರು: "ವಯಸ್ಸಾದವಳು, ನಿನ್ನ ತಾಯಿ ಇನ್ನೂ ಹೊಳೆ ದಾಟಿರಲಾರಳು."