ಇಕ್ಕಳಪ್ಪನ ಸನ್ಮಾನದ ಹಾರ

ಮಕ್ಕಳೇ, ಕಾಡಿನಂಚಿನ ಒಂದು ಕೊಳದಲ್ಲಿ ಇಕ್ಕಳಪ್ಪ ಎಂಬ ಏಡಿ ಇದ್ದ. ತನ್ನ ಎರಡು ಇಕ್ಕಳಗಳ ಮೇಲೆ ಅವನಿಗೆ ಎಲ್ಲಿಲ್ಲದ ಜಂಬ. ಪಕ್ಕದಲ್ಲೇ ವಟರಮ್ಮ ಎಂಬ ಕಪ್ಪೆ, ಅವಳ ನಲವತ್ತು ಗೊದಮೊಟ್ಟೆ ಮರಿಗಳು. ದಡದ ಬಂಡೆಯ ಮೇಲೆ ಆಮೆಯಜ್ಜಿ.

ಒಂದು ದಿನ ದೂರದ ಕೆರೆಯಿಂದ ಬಂದ ಬಾತುಕೋಳಿಯ ಕಾಲಿಗೆ ಅಂಟಿಕೊಂಡಿದ್ದ ಹುಲ್ಲಿನ ತುಂಡೊಂದು ಕೊಳಕ್ಕೆ ಬಿತ್ತು. ಬಿದ್ದದ್ದು ಒಂದೇ ತುಂಡು ಕಣ್ರೋ! ಎರಡು ತಿಂಗಳಲ್ಲಿ ಅರ್ಧ ಕೊಳ ಹುಲ್ಲಾಯಿತು. ಅಲ್ಲಿದ್ದ ಜೊಂಡು ಹೋಯಿತು, ಈಜುವ ಜಾಗವೂ ಹೋಯಿತು.

"ಅಯ್ಯೋ, ನನ್ನ ಮಕ್ಕಳಿಗೆ ಇನ್ನೂ ಕಾಲು ಮೂಡಿಲ್ಲ! ನೀರೇ ಇಲ್ಲದಿದ್ದರೆ ಹೇಗೆ ಬದುಕುತ್ತವೆ?" ಎಂದು ವಟರಮ್ಮ ಗೋಳಾಡಿದಳು.

"ನಾನಿಲ್ಲವಾ ಅಕ್ಕಾ? ಸಂಜೆಯೊಳಗೆ ಕತ್ತರಿಸಿ ಬಿಸಾಡುತ್ತೇನೆ," ಎಂದ ಇಕ್ಕಳಪ್ಪ.

ಆಮೆಯಜ್ಜಿ ಕತ್ತು ಹೊರಗೆ ಹಾಕಿದಳು. "ತಾಳಪ್ಪಾ. ಆ ಹುಲ್ಲಿನ ಒಂದೊಂದು ಗೆಣ್ಣಿನಲ್ಲೂ ಒಂದೊಂದು ಗಿಡ ಕೂತಿದೆ. ಕತ್ತರಿಸಿದಷ್ಟೂ ಹೆಚ್ಚುತ್ತೆ. ಬುಡದಿಂದ ಬಗೆದು ಬಂಡೆ ಮೇಲೆ ಒಣಹಾಕಬೇಕು."

"ಬಗೆಯೋದು ಹೆಗ್ಗಣದ ಕೆಲಸ ಅಜ್ಜಿ. ಕೆಸರು ಮೆತ್ತಿದರೆ ನನ್ನ ಹೊಳಪು ಏನಾಗಬೇಕು?"

ಕೆಸರಲ್ಲೇ ಹುಟ್ಟಿ ಬೆಳೆದವನ ಮಾತು ನೋಡಿ!

ಕಚ ಕಚ ಕಚ! ಸಂಜೆಗೆ ಹುಲ್ಲೆಲ್ಲ ನೀರಿನ ಮಟ್ಟಕ್ಕೆ ಬಂತು. ತುಂಡುಗಳು ಕೊಳದ ತುಂಬ ತೇಲಿದವು. ಮರುದಿನವೇ ಸನ್ಮಾನ. ಕೊಳದವರೆಲ್ಲ ಸೇರಿ ಕತ್ತರಿಸಿದ ಹುಲ್ಲಿನದೇ ಹಾರ ಕಟ್ಟಿದರು. ಏಡಿಗೆ ಕುತ್ತಿಗೆ ಎಲ್ಲಿ ಎಂದು ಹುಡುಕಿ ಹುಡುಕಿ ಸಾಕಾಗಿ ಬೆನ್ನಿಗೇ ಸುತ್ತಿದರು. ನೀರುಕೋಳಿ ಬೇರೆ, "ಒಂದೊಂದು ಕಡ್ಡಿ ಬಾಗಿಲಿಗೆ ಸಿಕ್ಕಿಸಿಕೊಳ್ಳಿ, ಶುಭ!" ಎಂದು ಎಲ್ಲರಿಗೂ ಹಂಚಿತು.

ಇಕ್ಕಳಪ್ಪ ಹಾರ ತೆಗೆಯಲೇ ಇಲ್ಲ. ಬಿಲದ ಬಾಗಿಲಲ್ಲೇ ಅದನ್ನು ಹಾಕಿಕೊಂಡು ಮಲಗಿದ, ಅದನ್ನು ಹಾಕಿಕೊಂಡೇ ಅಲ್ಲೇ ಕೂತು ಹೊಗಳಿಸಿಕೊಂಡ.

ಹತ್ತು ದಿನ ಕಳೆಯಿತು. ಬೆಳಗ್ಗೆ ಏಳಲು ಹೋದರೆ ಏಳಲಾಗಲಿಲ್ಲ. ಹಾರದ ಗೆಣ್ಣುಗಳಿಂದ ಬೇರು ಇಳಿದು ಬಿಲದ ಬಾಯಿಗೆ ಅವನನ್ನು ಹೊಲಿದುಬಿಟ್ಟಿತ್ತು!

"ಕಾಪಾಡ್ರಪ್ಪೋ!"

ಯಾರು ಕಾಪಾಡಬೇಕು? ಎಲ್ಲರ ಬಾಗಿಲಲ್ಲೂ ಹುಲ್ಲು. ಇಡೀ ಕೊಳವೇ ಹುಲ್ಲು. ನಲವತ್ತು ಮರಿಗಳು ಒಂದು ಬೊಗಸೆ ನೀರಿನಲ್ಲಿ ಒದ್ದಾಡುತ್ತಿದ್ದವು.

"ನನ್ನ ಮಕ್ಕಳ ನೀರು ಕಳೆದೆಯಲ್ಲೋ ಪಾಪಿ!" ಎಂದು ವಟರಮ್ಮ ಅತ್ತಳು.

ಆ ಅಳು ಕೇಳಿ ಇಕ್ಕಳಪ್ಪನಿಗೆ ನಿಜವಾಗಿ ನಾಚಿಕೆಯಾಯಿತು. "ತಪ್ಪಾಯ್ತು ಅಕ್ಕಾ. ಅಜ್ಜೀ, ಏನು ಮಾಡಲಿ?"

"ಬೇರು ನಿನ್ನ ಕಣ್ಣೆದುರೇ ಇದೆ. ಬಗಿ!"

ಬಗೆದ. ಮೈಯೆಲ್ಲ ಕೆಸರು ಮಾಡಿಕೊಂಡು ಹೊರಬಿದ್ದ. ನಿಲ್ಲಲಿಲ್ಲ, ವಟರಮ್ಮನ ಮರಿಗಳಿದ್ದ ಕಡೆಯಿಂದಲೇ ಬಗೆಯುತ್ತಾ ಹೋದ. ಅವನು ಬುಡ ಸಡಿಲಿಸಿದ, ಉಳಿದವರು ತುಂಡೂ ಬಿಡದೆ ಹೆಕ್ಕಿ ಬಂಡೆಗೆ ಎಳೆದರು. ಒಣಗುವ ರಾಶಿ ಗಾಳಿಗೆ ಹಾರದಂತೆ ಆಮೆಯಜ್ಜಿ ಅದರ ಮೇಲೇ ಕೂತು ಬಿಸಿಲಿಗೆ ಮೈ ಕಾಯಿಸಿಕೊಂಡಳು. ಮರಿಗಳಿಗೆ ನೀರು ಸಿಕ್ಕಿತು, ಕಾಲು ಮೂಡಿ ಬಾಲವೂ ಕರಗಿತು.

ಹೊಸ ಕಾಲಿನ ನಲವತ್ತು ಮರಿಗಪ್ಪೆಗಳೂ ಕುಪ್ಪಳಿಸುತ್ತ ಹೂವಿನ ಹಾರ ತಂದವು. "ಮಾವಾ, ನಿಮಗೆ ಸನ್ಮಾನ!"

ಇಕ್ಕಳಪ್ಪ ಅಡ್ಡಡ್ಡ ಓಡಿ ಬಿಲ ಸೇರಿದ. ಒಳಗಿಂದ ಕೂಗಿದ, "ಮೊದಲು ಹೇಳ್ರಪ್ಪಾ, ಅದಕ್ಕೆ ಗೆಣ್ಣು ಇದೆಯಾ?"

ನೀತಿ: ಬುಡ ನೋಡದೆ ತುದಿ ಕತ್ತರಿಸಿ ಹಾರ ಹಾಕಿಸಿಕೊಂಡರೆ, ಕಷ್ಟ ಮನೆಬಾಗಿಲಲ್ಲೇ ಚಿಗುರುತ್ತದೆ.