ನೀರು ಮುಟ್ಟದ ಮೀನು

"ಗುರುಗಳೇ, ಹಿರಿಯರು ಬಿಟ್ಟುಹೋದದ್ದನ್ನು ಇದಕ್ಕಿಂತ ಚೆನ್ನಾಗಿ ಕಾಪಾಡಲು ಯಾರಿಗಾದರೂ ಸಾಧ್ಯವೇ?" ಎಂದು ಶಿಷ್ಯ ಕೇಳಿದ.

ಅವನು ಹೊಳೆದಂಡೆಯ ಹಳೆಯ ಪಟ್ಟಣವೊಂದನ್ನು ನೋಡಿಕೊಂಡು ಆಗಷ್ಟೇ ಮಠಕ್ಕೆ ಮರಳಿದ್ದ. ಕೋಟೆಯ ಬಾಗಿಲು, ಸ್ನಾನಘಟ್ಟ, ಅರಸರ ಕಾಲದ ಕೊಳ, ಒಂದನ್ನೂ ಬಿಡದೆ ವರ್ಣಿಸಿದ. ಎಲ್ಲಕ್ಕಿಂತ ಅವನಿಗೆ ಹಿಡಿಸಿದ್ದು ಮೇಲಿನ ಬೀದಿಯ ಮಂಟಪದಲ್ಲಿದ್ದ ಮೀನುಗಲ್ಲು. ಅದರ ಮುಂದೆ ಸದಾ ದೀಪ ಉರಿಯುತ್ತದಂತೆ. ತಾನೂ ಒಂದು ಹೂವಿಟ್ಟು ಕೈಮುಗಿದು ಬಂದೆ ಎಂದ.

ಗುರುಗಳು ಹುಬ್ಬು ಗಂಟಿಕ್ಕಿದರು. "ನೋಡಿದ್ದೆಲ್ಲ ಹೇಳಿ ಮುಗಿಸಿದೆಯಷ್ಟೆ? ಕೂತುಕೋ. ನೋಡದೆ ಬಂದದ್ದನ್ನು ಈಗ ಕೇಳು" ಎಂದು ಕತೆ ಹೇಳಿದರು.

ಆ ಊರಿನಲ್ಲಿ ಒಬ್ಬ ಕುಂಬಾರನಿದ್ದ. ಮಣ್ಣು ಹತ್ತಿರವಾಗಲೆಂದು ಅವನ ಹಿರಿಯರು ಹೊಳೆಯ ಮಗ್ಗುಲಲ್ಲೇ ಮನೆ ಕಟ್ಟಿದ್ದರು. ಬೇರೆ ಯಾರ ಮನೆಯೂ ಅಷ್ಟು ಕೆಳಗಿರಲಿಲ್ಲ. ಅವನ ಹೊಸ್ತಿಲಿಗಿಂತ ಒಂದಾಳು ಕೆಳಗೆ, ಘಟ್ಟದ ಪಕ್ಕ, ಹಿಂದಿನವರು ಒಂದು ಕಲ್ಲು ನೆಟ್ಟು ಮೀನು ಕೆತ್ತಿದ್ದರು. ಮಳೆಗಾಲದಲ್ಲಿ ಹೊಳೆ ಏರಿ ಮೀನಿನ ಬಾಯಿಗೆ ಮುಟ್ಟಿತೆಂದರೆ ಆ ಮನೆಯವರು ಮೇಲಿನ ಬೀದಿಗೆ ಹೋಗಬೇಕು. ಮುಟ್ಟದಿದ್ದರೆ ನಿಶ್ಚಿಂತೆಯಾಗಿ ಇರಬಹುದು. ಆ ಕಲ್ಲಿಗೆ ಯಾರೂ ಹೂವಿಡುತ್ತಿರಲಿಲ್ಲ. ಹೆಂಗಸರು ಬಟ್ಟೆ ಒಗೆದು ಅದರ ಮೇಲೆ ಹಿಂಡಿ ಹಾಕುತ್ತಿದ್ದರು.

ಒಮ್ಮೆ ದೂರದ ವರ್ತಕನೊಬ್ಬ ಊರು ನೋಡಲು ಬಂದ. ಕಲ್ಲನ್ನು ಕಂಡು ಮರುಗಿದ. "ಇಂಥ ಕೆತ್ತನೆ ಕೆಸರಿನಲ್ಲಿ ಬಿದ್ದಿದೆಯಲ್ಲ! ನಾನು ಮಂಟಪ ಕಟ್ಟಿಸಿಕೊಡುತ್ತೇನೆ. ನಾಲ್ಕು ಜನ ಬಂದು ನೋಡಲಿ" ಎಂದ. ಊರಿಗೆ ಊರೇ ಹಿಗ್ಗಿತು. ಕಲ್ಲನ್ನು ಕಿತ್ತು ಮೇಲಕ್ಕೆ ಸಾಗಿಸುವಾಗ ಎಲ್ಲರಿಗಿಂತ ಮುಂದೆ ಹೆಗಲು ಕೊಟ್ಟವನು ಅದೇ ಕುಂಬಾರ. ವರ್ತಕ ಕೆಟ್ಟವನಲ್ಲ, ಕುಂಬಾರ ದಡ್ಡನೂ ಅಲ್ಲ. ನನಗೆ ಸಂಕಟವಾಗುವುದೇ ಅದಕ್ಕೆ.

ಜನ ಬರತೊಡಗಿದರು. ಹೊಳೆಯೂ ಬಹಳ ವರ್ಷ ತೆಪ್ಪಗಿತ್ತು. ಕುಂಬಾರನ ಹೆಂಡತಿ ತೀರಿಕೊಂಡಳು, ಮಗನಿಗೆ ಮದುವೆಯಾಯಿತು, ಮೊಮ್ಮಗು ಹುಟ್ಟಿತು. ಸೊಸೆ ಹೊಳೆ ಕಾಣದ ಸೀಮೆಯವಳು, ನೀರೆಂದರೆ ಅಂಜುತ್ತಿದ್ದಳು. ತನ್ನ ಅಪ್ಪ ಹೇಳುತ್ತಿದ್ದ ಮಾತನ್ನೇ ಹೇಳಿ ಕುಂಬಾರ ಅವಳಿಗೆ ಧೈರ್ಯ ತುಂಬಿದ: "ಮೀನು ನೀರು ಕುಡಿಯೋ ತನಕ ಈ ಮನೆಗೆ ಭಯ ಇಲ್ಲ ಕಣಮ್ಮ." ಕಲ್ಲು ಮೊದಲು ಎಲ್ಲಿತ್ತೆಂದು ಹೇಳಲಿಲ್ಲ. ಹೇಳಬೇಕೆಂದು ಅವನಿಗೆ ತೋಚಲೂ ಇಲ್ಲ.

ಒಂದು ಮಳೆಗಾಲ, ಅಪ್ಪ ಮಗ ಗಡಿಗೆ ಹೇರಿಕೊಂಡು ಆಚೆ ದಡದ ಸಂತೆಗೆ ಹೋಗಿದ್ದಾಗ ಹೊಳೆ ಏರಿತು. ದೋಣಿ ನಿಂತಿತು. ಸೊಸೆ ಮಗುವನ್ನು ಸೊಂಟಕ್ಕೇರಿಸಿಕೊಂಡು, ಮಳೆಯಲ್ಲಿ ನೆನೆಯುತ್ತ ಮೆಟ್ಟಿಲು ಹತ್ತಿ ಮಂಟಪಕ್ಕೆ ಹೋದಳು. ಮೀನು ಒಣಗಿಕೊಂಡಿತ್ತು. ಮುಂದೆ ದೀಪ ಉರಿಯುತ್ತಿತ್ತು. ಊರು ನೋಡಲು ಬಂದ ಯಾತ್ರಿಕನೊಬ್ಬ ಮಳೆಗೆ ಅಲ್ಲೇ ನಿಂತಿದ್ದ. ಮಳೆ ನಿಲ್ಲುವವರೆಗೆ ಇರು ಎಂದ ಅವನಿಗೆ ಅವಳು, "ಮೀನಿಗಿನ್ನೂ ನೀರು ಮುಟ್ಟಿಲ್ಲ ಸ್ವಾಮಿ. ಭಯ ಇಲ್ಲ ಅಂತ ನಮ್ಮ ಮಾವ ಹೇಳವ್ರೆ. ಒಲೆ ಮೇಲೆ ಅನ್ನ ಐತೆ" ಎಂದಳು. ಯಾತ್ರಿಕ ಅವಳ ನಂಬಿಕೆಗೆ ತಲೆದೂಗಿದ. ಬದುಕುವ ಜಾಗದಲ್ಲಿ ನಿಂತಿದ್ದವಳು ಮಗುವಿನ ಸಮೇತ ಕೆಳಗಿಳಿದು ಹೋದಳು.

ನೀರು ಇಳಿದ ಮೇಲೆ ಕುಂಬಾರ ಬಂದ. ಮನೆಯಿದ್ದಲ್ಲಿ ಕೆಸರಿತ್ತು. ಸೊಸೆ ಆಡಿದ ಮಾತನ್ನು ಯಾತ್ರಿಕನೇ ಅವನಿಗೆ ತಿಳಿಸಿದ. ಕುಂಬಾರ ಹಾರೆ ಹಿಡಿದು ಮಂಟಪಕ್ಕೆ ಓಡಿದ. ಕಲ್ಲನ್ನು ಮತ್ತೆ ಘಟ್ಟದಲ್ಲಿ ನೆಡುತ್ತೇನೆ, ಬಿಡಿ ಎಂದು ಗೋಳಾಡಿದ. ಊರ ಹಿರಿಯರು ಅವನ ಕೈ ಹಿಡಿದುಕೊಂಡರು. "ಪೂಜೆ ಮಾಡೋ ಕಲ್ಲಿಗೆ ಹಾರೆ ಹಾಕ್ತೀಯೇನಯ್ಯ? ಸೊಸೆಗೆ ನೀನು ಸರಿಯಾಗಿ ಹೇಳಬೇಕಿತ್ತು" ಎಂದರು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ, "ಕೊನೆಗೆ ಆ ಕಲ್ಲನ್ನು ಕೆಳಗಿಳಿಸಿದರೇ, ಗುರುಗಳೇ?" ಎಂದು ಕೇಳಿದ.

"ಅದಕ್ಕೆ ಹೂವಿಟ್ಟು ಬಂದವನು ನೀನು, ನನ್ನನ್ನೇಕೆ ಕೇಳುತ್ತೀ?"